ಕಂಡದ್ದು ಮತ್ತು ಊಹಿಸಿದ್ದು: ದೇಹಭಾಷೆಯ ಪದಗಳ ಒಂದು ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಎಂಟನೆಯ ತರಗತಿಗೆ ‘ದೇಹಭಾಷೆ ಮತ್ತು ಅದಕ್ಕೆ ಸಂಬಂಧಿಸಿದ ಪದಗಳು’ ಎಂಬ ವಿಷಯವಾಗಿ 40 ನಿಮಿಷಗಳ ಪಾಠ ಮಾಡಿದೆ. ನುಡಿಗಟ್ಟುಗಳ ಅರ್ಥ ತಿಳಿಸುವುದು ಪಾಠದ ಮೊದಲ ಉದ್ದೇಶ. ಕಣ್ಣಿಗೆ ಕಂಡದ್ದನ್ನೂ ಅದರಿಂದ ನಾವು ಊಹಿಸಿದ್ದನ್ನೂ ಬೇರೆ ಬೇರೆಯಾಗಿ ಹೇಳುವ ಅಭ್ಯಾಸ ಮಾಡಿಸುವುದು ಎರಡನೆಯ ಉದ್ದೇಶ. ಈ ಎರಡನೆಯದು ಮಕ್ಕಳಷ್ಟೇ ಶಿಕ್ಷಕರಿಗೂ ಬೇಕಾದದ್ದು.

‘ದೇಹಭಾಷೆ’ ಎಂಬ ಪದ ಇಂಗ್ಲಿಷಿನ ಪ್ರಭಾವದಿಂದ ಬಂದದ್ದು. ವಿಷಯ ಮಾತ್ರ ಹಳೆಯದು. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು 4 ಬಗೆಯಾಗಿ ವಿಂಗಡಿಸಿದೆ. ಅಂಗಗಳ ಮೂಲಕ ಭಾವ ತೋರುವುದು ಆಂಗಿಕ. ದಿನಬಳಕೆಯಲ್ಲಿ ಸನ್ನೆ, ಭಂಗಿ, ಇಂಗಿತ ಎಂಬ ಪದಗಳಿವೆ. ಇವುಗಳ ವ್ಯತ್ಯಾಸವನ್ನು ಜೊತೆಗೆ ಬರುವ ಕ್ರಿಯಾಪದದಿಂದಲೇ ತಿಳಿಸಬಹುದು: ಸನ್ನೆ ಮಾಡುತ್ತೇವೆ, ಒಂದು ಭಂಗಿಯಲ್ಲಿ ನಿಲ್ಲುತ್ತೇವೆ, ಇನ್ನೊಬ್ಬರ ಇಂಗಿತವನ್ನು ಅರಿಯುತ್ತೇವೆ. ಮೊದಲೆರಡು ಕಣ್ಣಿಗೆ ಕಾಣುವಂಥವು, ಮೂರನೆಯದು ಕಾಣುವುದಿಲ್ಲ.

ಪೂರ್ವಜ್ಞಾನ ಪರೀಕ್ಷೆಗಾಗಿ ತಲೆ, ಹುಬ್ಬು, ಮೂಗು, ಕೈ ಎಂದು ಹಲಗೆಯ ಮೇಲೆ ಬರೆದು, ಇವುಗಳಿಂದ ಆರಂಭವಾಗುವ ನುಡಿಗಟ್ಟುಗಳನ್ನು ಕೇಳಿದೆ. ಮಕ್ಕಳು ಹೇಳಿದವುಗಳನ್ನು 3 ಗುಂಪುಗಳಾಗಿ ವಿಂಗಡಿಸಿದೆವು.

1. ಕ್ರಿಯೆಯೂ ಅರ್ಥವೂ ಜೊತೆಯಾಗಿರುವವು: ಕೈಮುಗಿ, ಹುಬ್ಬು ಗಂಟಿಕ್ಕು, ಹಲ್ಲು ಕಡಿ.
2. ಕ್ರಿಯೆ ನಡೆಯದಿದ್ದರೂ ಅರ್ಥ ಕೊಡುವವು: ಮೂಗು ಮುರಿ (ತಾತ್ಸಾರ), ಕೈಚೆಲ್ಲು (ನಿರಾಶೆಯಿಂದ ಬಿಟ್ಟುಬಿಡು), ಕಿವಿ ನಿಮಿರಿಸು (ಆಸಕ್ತಿಯಿಂದ ಕೇಳು).
3. ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬೇಕಾದವು: ತಲೆಯಾಡಿಸು, ತಲೆ ತಗ್ಗಿಸು, ಕೈಕಟ್ಟು.

ಮೂರನೆಯ ಗುಂಪೇ ಪಾಠದ ತಿರುಳು. ‘ತಲೆದೂಗಿದರು’ ಎಂದರೆ ಮೆಚ್ಚಿದರು ಎಂದೇ ಅರ್ಥ. ‘ತಲೆಯಾಡಿಸಿದರು’ ಎಂದರೆ ಒಪ್ಪಿದರೋ ಇಲ್ಲವೋ ಎಂಬುದು ಮುಂದಿನ ವಾಕ್ಯ ಓದಿದ ಮೇಲೆಯೇ ತಿಳಿಯುತ್ತದೆ. ಕೈಕಟ್ಟುವುದನ್ನು ನೋಡಿ. ಪಾಶ್ಚಾತ್ಯರ ದೇಹಭಾಷೆಯ ಜನಪ್ರಿಯ ಪುಸ್ತಕಗಳು ಎದೆಯ ಮೇಲೆ ಕೈಕಟ್ಟಿದವರನ್ನು ಮನಸ್ಸು ತೆರೆಯದವರು ಎನ್ನುತ್ತವೆ. ನಮ್ಮ ತರಗತಿಯಲ್ಲಿ ‘ಕೈಕಟ್ಟಿ ಕೂತ್ಕೊಳ್ಳಿ’ ಎಂದು ನಾವೇ ಹೇಳುತ್ತೇವೆ; ಅಲ್ಲಿ ಅದು ಶಿಸ್ತು. ‘ಊರು ಮುಳುಗುತ್ತಿದ್ದರೂ ಕೈಕಟ್ಟಿ ಕುಳಿತರು’ ಎಂಬಲ್ಲಿ ಅದೇ ಭಂಗಿ ನಿಷ್ಕ್ರಿಯತೆ.

ಚಟುವಟಿಕೆಯಲ್ಲಿ ಒಬ್ಬ ವಿದ್ಯಾರ್ಥಿ ಮಾತಿಲ್ಲದೆ ಒಂದು ಭಂಗಿಯಲ್ಲಿ ನಿಂತ. ಉಳಿದವರು 2 ವಾಕ್ಯ ಬರೆಯಬೇಕು: ಒಂದರಲ್ಲಿ ಕಂಡದ್ದು ಮಾತ್ರ, ಇನ್ನೊಂದರಲ್ಲಿ ಅದರ ಅರ್ಥ ಏನಿರಬಹುದು ಎಂಬುದು. ಆ ಹುಡುಗ ತಲೆ ತಗ್ಗಿಸಿ ನಿಂತಾಗ ಹೆಚ್ಚಿನವರು ‘ತಪ್ಪು ಮಾಡಿದ್ದಾನೆ’ ಎಂದು ನೇರವಾಗಿ ಬರೆದರು. ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಇಲ್ಲ ಸರ್, ನಮ್ಮಜ್ಜನ ಮುಂದೆ ನಾವು ಹಿಂಗೇ ನಿಂತ್ಕೋಬೇಕು. ಮುಖ ನೋಡಿ ಮಾತಾಡಿದ್ರೆ ಎದುರು ಮಾತಾಡ್ತೀಯಾ ಅಂತಾರೆ” ಎಂದಳು. ಮನೆಯಲ್ಲಿ ವಿನಯವಾದದ್ದು ಶಾಲೆಯಲ್ಲಿ ಅಪರಾಧದ ಗುರುತಾಗುತ್ತದೆ. ಪ್ರಶ್ನೆ ಕೇಳಿದಾಗ ನೆಲ ನೋಡುವ ಮಗುವಿಗೆ ಉತ್ತರ ಗೊತ್ತಿಲ್ಲ ಎಂದುಕೊಂಡು ಮುಂದಿನವರ ಕಡೆ ತಿರುಗುವ ಶಿಕ್ಷಕರಿಂದ, ಆ ಮಗು ಉತ್ತರ ಹೇಳುವ ಅವಕಾಶವನ್ನೇ ಕಳೆದುಕೊಳ್ಳುತ್ತದೆ.

ಪ್ರಶಿಕ್ಷಣಾರ್ಥಿಗಳಾದ ನಮ್ಮಲ್ಲಿ ‘ಸಂವಹನದಲ್ಲಿ ಶೇ. 93 ಭಾಗ ಮಾತಿಲ್ಲದೆ ನಡೆಯುತ್ತದೆ’ ಎಂಬ ಮಾತು ಬಹಳ ಓಡಾಡುತ್ತದೆ. ಇದು ಆಲ್ಬರ್ಟ್ ಮೆಹ್ರಾಬಿಯನ್ 1967ರಲ್ಲಿ ಪ್ರಕಟಿಸಿದ ಪ್ರಯೋಗಗಳಿಂದ ಬಂದ ಲೆಕ್ಕ: ಮಾತು 7, ಧ್ವನಿ 38, ಮುಖಭಾವ 55. ಆ ಪ್ರಯೋಗಗಳು ಬಿಡಿ ಪದಗಳನ್ನು ಬಳಸಿ, ಹೇಳುವವರ ಇಷ್ಟಾನಿಷ್ಟ ಭಾವವನ್ನು ಕೇಳುವವರು ಹೇಗೆ ಗ್ರಹಿಸುತ್ತಾರೆ ಎಂಬುದನ್ನು ಮಾತ್ರ ಪರೀಕ್ಷಿಸಿದವು. ಎಲ್ಲ ಸಂವಹನಕ್ಕೂ ಈ ಲೆಕ್ಕ ಅನ್ವಯಿಸುವುದಿಲ್ಲ ಎಂದು ಮೆಹ್ರಾಬಿಯನ್ನರೇ ಸ್ಪಷ್ಟಪಡಿಸಿದ್ದಾರೆ. ಆದ್ದರಿಂದ ಮುಖ ನೋಡಿಯೇ ಮಗುವನ್ನು ಪೂರ್ತಿ ಅರಿತೆವು ಎನ್ನುವುದಕ್ಕೆ ಈ ಅಂಕಿ ಆಧಾರವಾಗದು. ಮಗುವನ್ನು ಮಾತಾಡಿಸಲೇಬೇಕು.

ಮೌಲ್ಯಮಾಪನಕ್ಕಾಗಿ ‘ತಲೆ ತಗ್ಗಿಸು’ ಎಂಬುದನ್ನು ನಾಚಿಕೆ, ವಿನಯ, ಅವಮಾನ ಎಂಬ 3 ಅರ್ಥಗಳಲ್ಲಿ ಸ್ವಂತ ವಾಕ್ಯಗಳಲ್ಲಿ ಬಳಸಲು ಹೇಳಿದೆ. ನಾಚಿಕೆಗೂ ಅವಮಾನಕ್ಕೂ ವಾಕ್ಯಗಳು ಸುಲಭವಾಗಿ ಬಂದವು; ವಿನಯದ ವಾಕ್ಯಕ್ಕೆ ಮಾತ್ರ ಮಕ್ಕಳು ಯೋಚಿಸಬೇಕಾಯಿತು.

ಇದೇ ಅಭ್ಯಾಸವನ್ನು ನಮ್ಮ ಅವಲೋಕನ ಪುಸ್ತಕಕ್ಕೂ ತರಬಹುದು. ‘ಗಮನವಿಲ್ಲ’, ‘ಅವಿಧೇಯ’, ‘ಆಸಕ್ತಿ ಇಲ್ಲ’ ಎಂಬವು ಕಂಡದ್ದಲ್ಲ, ಊಹಿಸಿದ್ದು. ‘ಕಿಟಕಿಯ ಹೊರಗೆ ನೋಡುತ್ತಿದ್ದ’, ‘3 ಬಾರಿ ಕರೆದಾಗ ಎದ್ದ’ ಎಂದು ಬರೆದರೆ, ಕಾರಣ ಕೇಳುವ ದಾರಿ ತೆರೆದಿರುತ್ತದೆ. ಆ ಮಗುವಿಗೆ ಕಿವಿ ಸರಿಯಾಗಿ ಕೇಳಿಸದೆಯೂ ಇರಬಹುದು. ಪುಟದ ನಡುವೆ ಒಂದು ಗೆರೆ ಎಳೆದು, ಎಡಕ್ಕೆ ಕಂಡದ್ದನ್ನೂ ಬಲಕ್ಕೆ ಊಹೆಯನ್ನೂ ಬರೆಯಬೇಕು. ಮಗುವನ್ನು ವಿಚಾರಿಸುವವರೆಗೆ ಬಲಭಾಗವನ್ನು ಪೆನ್ಸಿಲಿನಲ್ಲಿ ಬರೆದರೆ ಸಾಕು.