ಸಲಹೆಗಾರನ ಧರ್ಮ: ಪ್ರೊ. ಬಿ. ಆರ್. ಶೆಣೈ ಅವರ ಭಿನ್ನಮತ

ಆಳುವವರಿಗೆ ಸಲಹೆ ನೀಡುವ ವಿದ್ವಾಂಸನು ಅವರ ಮನಸ್ಸಿಗೆ ಹಿತವಾದುದನ್ನು ಹೇಳಬೇಕೋ, ತನ್ನ ವಿದ್ಯೆಗೆ ಸತ್ಯವೆಂದು ಕಂಡುದನ್ನು ಹೇಳಬೇಕೋ? ಈ ಪ್ರಶ್ನೆಯನ್ನು ತಮ್ಮ ಬಾಳಿನಲ್ಲಿ ಎದುರಿಸಿದವರು ಪ್ರೊ. ಬೆಳ್ಳಿಕೋತ್ ರಘುನಾಥ ಶೆಣೈ.

1905ರಲ್ಲಿ ಜನಿಸಿದ ಶೆಣೈ ಅವರ ಹುಟ್ಟೂರು ಬೆಳ್ಳಿಕೋತ್ ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಿತು. ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. ಕಾಶಿ ಹಿಂದೂ ವಿಶ್ವವಿದ್ಯಾನಿಲಯದಲ್ಲಿಯೂ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಲ್ಲಿಯೂ ವ್ಯಾಸಂಗ ಮಾಡಿದ ಅವರ ಮೇಲೆ ಅಲ್ಲಿ ಬೋಧಿಸುತ್ತಿದ್ದ ಹಾಯೆಕ್ ಅವರ ವಿಚಾರಗಳು ಗಾಢ ಪರಿಣಾಮ ಬೀರಿದವು. ರಿಸರ್ವ್ ಬ್ಯಾಂಕಿನಲ್ಲಿ ಸೇವೆ ಸಲ್ಲಿಸಿದ ತರುವಾಯ ಅವರು ಅಹಮದಾಬಾದಿನ ಗುಜರಾತ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

1955ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ಪರಿಶೀಲಿಸಲು ಸರ್ಕಾರವು ಅರ್ಥಶಾಸ್ತ್ರಜ್ಞರ ಮಂಡಲಿಯೊಂದನ್ನು ನೇಮಿಸಿತು. ನಾಡಿನ ಹೆಸರಾಂತ ವಿದ್ವಾಂಸರೆಲ್ಲರೂ ಒಮ್ಮತದಿಂದ ಸಹಿ ಹಾಕಿದರು. ಶೆಣೈ ಒಬ್ಬರೇ ಭಿನ್ನಮತದ ಟಿಪ್ಪಣಿಯನ್ನು ಬರೆದರು.

ಅವರ ಆಕ್ಷೇಪವೇನು? ಸರ್ಕಾರದ ವೆಚ್ಚವು ತೆರಿಗೆ, ಸಾಲಗಳ ಉತ್ಪನ್ನವನ್ನು ಮೀರಿದಾಗ ರಿಸರ್ವ್ ಬ್ಯಾಂಕಿನಿಂದ ಹೊಸ ಹಣವನ್ನು ಸೃಷ್ಟಿಸಿ ಆ ಅಂತರವನ್ನು ತುಂಬುವುದಕ್ಕೆ ಕೊರತೆ ಹಣಕಾಸು ಎಂದು ಹೆಸರು. ನೋಟು ಹೆಚ್ಚಿದ ಮಾತ್ರಕ್ಕೆ ಕಬ್ಬಿಣ, ಸಿಮೆಂಟು, ಧಾನ್ಯ ಹೆಚ್ಚುವುದಿಲ್ಲ. ಜನರ ಉಳಿತಾಯವೇ ಬಂಡವಾಳದ ಮೂಲ. ಅದನ್ನು ಮೀರಿ ನಡೆದರೆ ಬೆಲೆಗಳು ಏರಿ, ಭಾರವು ಬಡವನ ತಲೆಯ ಮೇಲೆ ಬೀಳುತ್ತದೆಂಬುದು ಅವರ ವಾದ. ಆದರೂ 4,800 ಕೋಟಿ ರೂಪಾಯಿಗಳ ಸರ್ಕಾರಿ ವೆಚ್ಚದಲ್ಲಿ 1,200 ಕೋಟಿಯನ್ನು, ಅಂದರೆ ಕಾಲು ಭಾಗವನ್ನು, ಈ ಮಾರ್ಗದಿಂದಲೇ ಒದಗಿಸಲು ಯೋಜನೆಯು ನಿರ್ಧರಿಸಿತು.

1957ರ ವೇಳೆಗೆ ವಿದೇಶಿ ವಿನಿಮಯದ ಸಂಗ್ರಹ ತೀವ್ರವಾಗಿ ಕರಗಿತು, ಯೋಜನೆಯನ್ನೇ ಮೊಟಕುಗೊಳಿಸಬೇಕಾಯಿತು. ಇದಕ್ಕೆ ಆಮದಿನ ಒತ್ತಡ, ಆಹಾರದ ಅಭಾವಗಳೂ ಕಾರಣವಾಗಿದ್ದವೆಂಬುದನ್ನು ಮರೆಯಲಾಗದು. ಭಾರಿ ಕೈಗಾರಿಕೆಗಳಿಗೆ ಸರ್ಕಾರವೇ ತಳಹದಿ ಹಾಕಬೇಕಾಗಿತ್ತೆಂದು ವಾದಿಸುವವರು ಇಂದಿಗೂ ಇದ್ದಾರೆ. ಆದರೆ ಸಂಪನ್ಮೂಲದ ಮಿತಿಯನ್ನು ಕುರಿತ ಎಚ್ಚರಿಕೆ ಸುಳ್ಳಾಗಲಿಲ್ಲ.

ಶೆಣೈ 1978ರಲ್ಲಿ ನಿಧನರಾದರು. ಆರ್ಥಿಕ ಸುಧಾರಣೆಗಳು 1991ರಲ್ಲಿ ಬಂದವು. ಬೊಕ್ಕಸದ ಕೊರತೆಗೆ ತಾತ್ಕಾಲಿಕ ಖಜಾನೆ ಹುಂಡಿಗಳ ಮೂಲಕ ತಾನಾಗಿಯೇ ಹಣ ಹರಿಯುವ ಪದ್ಧತಿ 1997ರ ಏಪ್ರಿಲ್‌ನಲ್ಲಿ ನಿಂತಿತು. ಇವು ಅವರೊಬ್ಬರ ಪ್ರಭಾವದ ಫಲವೆಂದು ಹೇಳಲಾಗದು. ಅವುಗಳನ್ನು ನೋಡಲು ಅವರು ಇರಲಿಲ್ಲವೆಂಬುದು ಮಾತ್ರ ವಿಷಾದದ ಸಂಗತಿ.

ಅವರ ಎಲ್ಲ ನಿಲುವುಗಳನ್ನೂ ಒಪ್ಪಬೇಕೆಂದಿಲ್ಲ. ತರಗತಿಯಲ್ಲಿ ಎಲ್ಲರೂ ಒಂದೇ ಉತ್ತರ ಬರೆದಾಗ ಬೇರೊಂದು ಉತ್ತರ ಬರೆದ ವಿದ್ಯಾರ್ಥಿಯನ್ನು ಗದರಿಸುವ ಮುನ್ನ, ಅವನ ಲೆಕ್ಕವನ್ನೊಮ್ಮೆ ನೋಡುವ ತಾಳ್ಮೆ ಅಧ್ಯಾಪಕರಾದ ನಮಗಿರಲಿ.