ಕೌದಿಯ ಪರದೆಯೂ ಬೇಸಗೆಯ ತಾಪವೂ

ಆಳಂದ, ಅಫಜಲಪುರ, ಜೇವರ್ಗಿಗಳ ಕಡೆ ಹಳೆಯ ಸೀರೆ, ಧೋತರಗಳನ್ನು ಪದರುಪದರಾಗಿ ಹೊಲಿದು ಕೌದಿ ಮಾಡುವುದುಂಟು. ಹೊಸ ಪರದೆಗೆ ಹಣ ಸಾಲದ ಮನೆಯಲ್ಲಿ ಇದನ್ನೇ ಪಡುವಣ ಕಿಟಕಿಗೆ ತೂಗಹಾಕಿದರೆ ಬಣ್ಣಬಣ್ಣದ ತುಂಡುಗಳಿಂದ ಅಂದವೂ ಬರುತ್ತದೆ, ಬಿಸಿಲಿನ ತಾಪವೂ ತಗ್ಗುತ್ತದೆ. ತಾಪವನ್ನು ತಡೆಯುವುದು ನೂಲಿಗಿಂತ ಮಿಗಿಲಾಗಿ ಪದರುಗಳ ನಡುವೆ ಸೆರೆಸಿಕ್ಕ ಗಾಳಿಯೆಂಬುದನ್ನು ನಾವು ಗಮನಿಸಬೇಕು. ಹಾಗಾದರೆ ಕೌದಿಯನ್ನು ನೆನೆಸಿ ತೂಗಿದರೆ ಇನ್ನೂ ಮೇಲಲ್ಲವೆ? ಅಲ್ಲ. ಗಾಳಿಯಿದ್ದ ಎಡೆಯನ್ನು ನೀರು ತುಂಬುತ್ತದೆ. ನೀರಿನ ಉಷ್ಣವಾಹಕತೆಯಾದರೋ ನಿಶ್ಚಲವಾದ ಗಾಳಿಯದಕ್ಕಿಂತ 20 ಮಡಿಗೂ ಹೆಚ್ಚು. ನೆನೆಸಲು ಒಂಟಿ ಪದರಿನ ಹಳೆಯ ಹತ್ತಿಯ ಸೀರೆಯೇ ಲೇಸು. 1 ಗ್ರಾಂ ನೀರು ಆವಿಯಾಗುವಾಗ ಸುಮಾರು 580 ಕ್ಯಾಲೊರಿ ಉಷ್ಣವನ್ನು ಹೀರಿಕೊಳ್ಳುವುದರಿಂದ ಅದರ ಮೂಲಕ ಬರುವ ಗಾಳಿ ತಂಪಾಗುತ್ತದೆ. ನಮ್ಮ ಒಣಬೇಸಗೆಗೆ ಇದು ಒಪ್ಪುವ ಉಪಾಯ. ಶ್ರಾವಣದ ತೇವಗಾಳಿಯಲ್ಲಿ ಬಟ್ಟೆ ಬೇಗ ಆರದು, ಕೋಣೆಯೂ ತಣಿಯದು.