ಬಯಾಪ್ಸಿಗೆ ಮೊದಲೇ ಗರ್ಭಕೋಶ ತೆಗೆಸಬೇಡಿ

ಪ್ರಶ್ನೆ: ನನಗೆ 38 ವರ್ಷ, ಊರು ಶಿವನಿ. ಶಿಬಿರದಲ್ಲಿ ಮಾಡಿಸಿದ ಪ್ಯಾಪ್ ಪರೀಕ್ಷೆಯಲ್ಲಿ ‘ಎಚ್‌ಎಸ್‌ಐಎಲ್’ ಎಂದು ಬಂದಿದೆ. ಗರ್ಭಕೋಶ ತೆಗೆಸಿಬಿಡು ಎನ್ನುತ್ತಾರೆ ಅತ್ತೆ. ಏನು ಮಾಡಲಿ?

ಉತ್ತರ: ನಿಮ್ಮ ಭಯ ಅರ್ಥವಾಗುತ್ತದೆ. ಆದರೆ ಈ ವರದಿ ಕ್ಯಾನ್ಸರ್ ಬಂದಿದೆ ಎಂದು ಹೇಳುತ್ತಿಲ್ಲ. ಗರ್ಭಕಂಠದ ಜೀವಕೋಶಗಳು ಗಣನೀಯವಾಗಿ ಬದಲಾಗಿವೆ, ಹಾಗೇ ಬಿಟ್ಟರೆ ಕೆಲವರಲ್ಲಿ ವರ್ಷಗಳ ನಂತರ ಕ್ಯಾನ್ಸರ್ ಆಗಬಹುದು ಎಂದಷ್ಟೇ. ಇದರ ಮೂಲ ಎಚ್‌ಪಿವಿ ವೈರಸ್. ಲೈಂಗಿಕ ಜೀವನವಿರುವ ಹೆಚ್ಚಿನವರಿಗೆ ಎಂದಾದರೊಮ್ಮೆ ತಗಲುವಂಥದ್ದು. ಇದರಲ್ಲಿ ನಾಚಿಕೆಪಡುವಂಥದ್ದೂ ಇಲ್ಲ, ಗಂಡನನ್ನು ಶಂಕಿಸುವಂಥದ್ದೂ ಇಲ್ಲ.

ಮುಂದಿನ ಹೆಜ್ಜೆ ಕಾಲ್ಪಸ್ಕೋಪಿ. ಗರ್ಭಕಂಠಕ್ಕೆ ಅಸಿಟಿಕ್ ಆಮ್ಲ ಹಚ್ಚಿ, ದೊಡ್ಡದಾಗಿ ಕಾಣಿಸುವ ಯಂತ್ರದಲ್ಲಿ ನೋಡಿ, ಬಿಳಿಚಿದ ಕಡೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಅದರಲ್ಲಿ ‘ಸಿಐಎನ್ 2’ ಅಥವಾ ‘3’ (ಕ್ಯಾನ್ಸರ್‌ಗೆ ಮುಂಚಿನ ಬದಲಾವಣೆಯ ಹಂತಗಳು) ಎಂದು ಬಂದರೆ ಸಾಮಾನ್ಯವಾಗಿ ‘ಲೀಪ್’ ವಿಧಾನದಲ್ಲಿ ಆ ಭಾಗವನ್ನಷ್ಟೇ ತೆಗೆಯುತ್ತಾರೆ. ಮರಗಟ್ಟಿಸುವ ಚುಚ್ಚುಮದ್ದು ಸಾಕು, ಅಂದೇ ಮನೆಗೆ ಬರಬಹುದು. ಗರ್ಭಕೋಶ ಉಳಿಯುತ್ತದೆ.

ಬಯಾಪ್ಸಿಗೆ ಮೊದಲೇ ಗರ್ಭಕೋಶ ತೆಗೆಸುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಒಳಗೆ ಕ್ಯಾನ್ಸರ್ ಅಡಗಿದ್ದರೆ ಆ ಸಾಧಾರಣ ಶಸ್ತ್ರಚಿಕಿತ್ಸೆ ಸಾಲದು, ಮುಂದಿನ ಚಿಕಿತ್ಸೆಯೂ ಕಷ್ಟವಾಗುತ್ತದೆ. ಅತ್ತೆಯವರಿಗೂ ಇದನ್ನೇ ತಿಳಿಸಿ.

ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆ ಅಥವಾ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ವಿಚಾರಿಸಿ. ವರದಿಯ ಮೂಲ ಪ್ರತಿ ಜೊತೆಗಿರಲಿ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಿ. ಚಿಕಿತ್ಸೆಯ ನಂತರ ಆರು ತಿಂಗಳಿಂದ ವರ್ಷದೊಳಗೆ ಮರುಪರೀಕ್ಷೆ ಆಗಲೇಬೇಕು, ಆಮೇಲೂ ಹಲವು ವರ್ಷ ತಪ್ಪಿಸಬಾರದು. ಕೊಯ್ಲು ಮುಗಿಯಲಿ, ಹಬ್ಬ ಕಳೆಯಲಿ ಎಂದು ಮುಂದೂಡಬೇಡಿ. ಈ ವಾರವೇ ಹೊರಡಿ.